ಮೊದಲು ತೂಕ ಕೇಳಿ: ಮನೆಯ ಹುಡುಗ ಗಾಂಜಾ ಕೇಸಿನಲ್ಲಿ ಸಿಕ್ಕಾಗ

ಹೋದ ವರ್ಷ ಆಶ್ಲೇಷಾ ಮಳೆ ಹಿಡಿದಿದ್ದ ಒಂದು ರಾತ್ರಿ, ಹನ್ನೊಂದೂ ಮುಕ್ಕಾಲರ ಹೊತ್ತಿಗೆ ಆಲ್ದೂರಿನಿಂದ ತಮ್ಮ ಫೋನ್ ಮಾಡಿದ. "ಅಕ್ಕ, ಹುಡುಗನನ್ನು ಸ್ಟೇಷನ್ನಿನಲ್ಲಿ ಕೂರಿಸಿದ್ದಾರಂತೆ. ಗಾಂಜಾ ಅಂತೆ. ಹತ್ತು ವರ್ಷ ಜೈಲು ಎಂದು ಯಾರೋ ಹೇಳಿದರು" ಎಂದವನು ಮುಂದೆ ಮಾತಾಡಲಿಲ್ಲ. ಅವನ ಮನೆಯ ಹಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ ಕೇಳಿಸುತ್ತಿತ್ತು. ನಾನು ಕೇಳಿದ ಮೊದಲ ಪ್ರಶ್ನೆ ಅವನಿಗೆ ಇವತ್ತಿಗೂ ನೆನಪಾಗಿ ನೋಯುತ್ತದೆಯಂತೆ. "ಎಷ್ಟು ಗ್ರಾಂ?" ಎಂದಿದ್ದೆ.

ನಾನು ವಕೀಲಳಲ್ಲ. ಮೂವತ್ತೊಂದು ವರ್ಷ ಕೋರ್ಟುಗಳ ನೌಕರಿ ಮಾಡಿ, ಕೊನೆಗೆ ಮ್ಯಾಜಿಸ್ಟ್ರೇಟ್ ಕೋರ್ಟೊಂದರ ಶಿರಸ್ತೇದಾರಳಾಗಿ ನಿವೃತ್ತಳಾದವಳು. ಚಿಕ್ಕಮಗಳೂರಿನ ಕೋಟೆ ಬಡಾವಣೆಯಲ್ಲಿ ಮನೆ. ಸಮನ್ಸ್ ಬಂದವರು, ಚೆಕ್ ಬೌನ್ಸ್ ಆದವರು, ಅಣ್ಣತಮ್ಮಂದಿರ ಮೇಲೆ ಪಾಲಿನ ದಾವೆ ಹೂಡಬೇಕೆಂದಿರುವವರು ನಮ್ಮ ಜಗಲಿಗೆ ಬರುತ್ತಾರೆ, ಕಾಗದ ತೋರಿಸಿ, ಕಾಫಿ ಕುಡಿದು ಹೋಗುತ್ತಾರೆ. ಈಚೆಗೆ ಗಾಂಜಾ ಕೇಸಿನ ತಂದೆತಾಯಂದಿರೂ ಬರತೊಡಗಿದ್ದಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನೂ ತಮ್ಮನ ಮಗನಿಗಾಗಿ ಓಡಾಡುವಾಗ ನಾನೇ ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ವಾದ ಮಾಡಲು ವಕೀಲರು ಬೇಕೇ ಬೇಕು. ಆ ವಕೀಲರನ್ನು ಏನು ಕೇಳಬೇಕು ಎಂಬುದಕ್ಕೆ ಇದು.

ತೂಕವನ್ನೇ ಮೊದಲು ಕೇಳಿದ್ದಕ್ಕೆ ಕಾರಣವಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ, ಮೊದಲ ತಪ್ಪಿಗೆ ಇಷ್ಟೇ ಶಿಕ್ಷೆ ಎಂದು ಬರೆದ ಕಲಂ ಇಲ್ಲ. ಹಿಂದೆ ಶಿಕ್ಷೆಯಾದವನು ಮತ್ತೆ ಸಿಕ್ಕಿದರೆ ಗರಿಷ್ಠ ಶಿಕ್ಷೆಯ ಒಂದೂವರೆ ಪಟ್ಟಿನವರೆಗೆ ಏರಿಸಬಹುದೆಂದು 31ನೇ ಕಲಂ ಹೇಳುತ್ತದೆ, ಅಷ್ಟೆ. ಹುಡುಗ ಒಳ್ಳೆಯವನು, ಎಸ್ಸೆಸ್ಸೆಲ್ಸಿಯಲ್ಲಿ ಡಿಸ್ಟಿಂಕ್ಷನ್, ಯಾರ ತಂಟೆಗೂ ಹೋದವನಲ್ಲ ಎಂಬ ಮಾತುಗಳಿಗೆ ಬೆಲೆ ಬರುವುದು ಆಮೇಲೆ. ಮೊದಲು ಮಾತಾಡುವುದು ತಕ್ಕಡಿ.

ತೂಕಕ್ಕೆ ಮೂರು ಮೆಟ್ಟಿಲು: ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ, ಅವೆರಡರ ನಡುವಿನದು. 2001ರ ತಿದ್ದುಪಡಿಯಲ್ಲಿ ಬಂದ ಲೆಕ್ಕ ಇದು. ಗಾಂಜಾ 1 ಕೆ.ಜಿ.ವರೆಗೆ ಅಲ್ಪ; 20 ಕೆ.ಜಿ. ದಾಟಿದರೆ ವಾಣಿಜ್ಯ. ಚರಸ್ಸಿಗೆ, ಅಂದರೆ ಅದೇ ಗಿಡದ ಅಂಟಿಗೆ, ಈ ಅಂಕಿಗಳು 100 ಗ್ರಾಂ ಮತ್ತು 1 ಕೆ.ಜಿ. ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. ಕೊಕೇನ್‌ಗೆ 2 ಗ್ರಾಂ ಮತ್ತು 100 ಗ್ರಾಂ. ಎಂಡಿಎಂಎ ಎಂಬ ಅಮಲಿನ ಮಾತ್ರೆಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿಗೆ 0.002 ಗ್ರಾಂ ಮತ್ತು 0.1 ಗ್ರಾಂ, ಅದನ್ನು ತೂಗಲು ಅಕ್ಕಸಾಲಿಗನ ತಕ್ಕಡಿಯೂ ಸಾಲದು.

ಗಾಂಜಾದ ಅಲ್ಪ ಪ್ರಮಾಣಕ್ಕೆ 20(ಬಿ) ಕಲಂ ಪ್ರಕಾರ 1 ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2014ಕ್ಕೆ ಮುಂಚೆ ಇದು 6 ತಿಂಗಳಿತ್ತು. ಹಳೆಯ ಪುಸ್ತಕ ನೋಡಿ ಹೇಳುವವರು ಈಗಲೂ ಆರೇ ತಿಂಗಳು ಎನ್ನುತ್ತಾರೆ. ನಡುವಿನ ಪ್ರಮಾಣಕ್ಕೆ 10 ವರ್ಷದವರೆಗೆ ಸಜೆ ಮತ್ತು 1 ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣಕ್ಕೆ 10 ವರ್ಷಕ್ಕೆ ಕಡಿಮೆ ಇಲ್ಲ, 20ರವರೆಗೆ ಹೋಗಬಹುದು, ದಂಡ 1ರಿಂದ 2 ಲಕ್ಷ. ತಮ್ಮನಿಗೆ ಯಾರೋ ಹೇಳಿದ ಹತ್ತು ವರ್ಷ ಬಂದದ್ದು ಈ ಮೇಲಿನ ಮೆಟ್ಟಿಲುಗಳಿಂದ. ಅವನ ಮಗ ಮತ್ತು ಜೊತೆಯ ಹುಡುಗನ ಬಳಿ ಸಿಕ್ಕಿದ್ದು ಪೊಟ್ಟಣ ಸೇರಿ 48 ಗ್ರಾಂ. ಅದನ್ನು ಕೇಳಿದ ಮೇಲೆ ನಾನು ಎದ್ದು ಕಾಫಿಗೆ ನೀರಿಟ್ಟೆ.

ಮಾತ್ರೆ, ಪುಡಿ ಎಂದಿದ್ದರೆ ನೀರಿಡುತ್ತಿರಲಿಲ್ಲ. ಮಾತ್ರೆಯಲ್ಲಿ ಮದ್ದು ಎಷ್ಟಿದೆ, ಸೀಮೆಸುಣ್ಣ ಎಷ್ಟಿದೆ ಎಂದು ಬೇರ್ಪಡಿಸಿ ಲೆಕ್ಕ ಹಾಕುವಂತಿಲ್ಲ, ಬೆರಕೆ ಸೇರಿದ ಪೂರ್ತಿ ತೂಕವೇ ತೂಕ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಎಂಡಿಎಂಎ ಮಾತ್ರೆ ಎರಡು ಮೂರಾದರೆ ಅರ್ಧ ಗ್ರಾಂ ದಾಟಬಹುದು. ಹೋಂಸ್ಟೇಗೆ ಬಂದ ಗೆಳೆಯರ ಗುಂಪಿನಲ್ಲಿ "ಗಾಂಜಾ ಅಲ್ಲವಲ್ಲ, ಒಂದೆರಡು ಮಾತ್ರೆ ತಾನೆ" ಎನ್ನುವ ಹುಡುಗನಿಗೆ, ಒಂದು ಕಿಲೋ ಗಾಂಜಾ ಹೊತ್ತವನಿಗಿಂತ ತಾನು ದೊಡ್ಡ ಗುಂಡಿಯ ಅಂಚಿನಲ್ಲಿದ್ದೇನೆಂಬುದು ಗೊತ್ತಿರುವುದಿಲ್ಲ.

ಇನ್ನೊಂದು ಗುಂಡಿ ನಮ್ಮ ಮಲೆನಾಡಿನದೇ. ಗಿಡ ಬೆಳೆಸುವುದಕ್ಕೆ ಅಲ್ಪ ಪ್ರಮಾಣ ಎಂಬ ಮೆಟ್ಟಿಲೇ ಇಲ್ಲ. ಶುಂಠಿ ಪಟ್ಟೆಯ ನಡುವೆಯೋ ಮನೆಯ ಮಹಡಿಯ ಕುಂಡದಲ್ಲೋ ಬೆಳೆದ ಒಂದೇ ಗಿಡವಾದರೂ 20(ಎ) ಕಲಮಿನ ಕೆಳಗೆ ಬರುತ್ತದೆ: 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಮ್ಯಾಜಿಸ್ಟ್ರೇಟರ ಕೈಯಿಂದ ಕೇಸು ವಿಶೇಷ ನ್ಯಾಯಾಲಯಕ್ಕೆ ಹೋಗುತ್ತದೆ. ಕುತೂಹಲಕ್ಕೆ ಬೀಜ ಹಾಕಿದೆ ಎಂದ ಹುಡುಗನ ತಾಯಿ ಒಬ್ಬರು ನನ್ನ ಜಗಲಿಯಲ್ಲಿ ಅತ್ತಿದ್ದಾರೆ. ಆ ದಿನ ಅವರಿಗೆ ಹೇಳಲು ನನ್ನ ಬಳಿ ಹಿತವಾದ ಮಾತು ಇರಲಿಲ್ಲ.

ಠಾಣೆಯ ರಾತ್ರಿಗೆ ಬರುತ್ತೇನೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಬಂಧನದ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಕೊಡಬೇಕು. 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಬಂಧನವೇ ಕಡ್ಡಾಯವಲ್ಲ. ನೋಟಿಸ್ ಕೊಟ್ಟು ಕಳುಹಿಸಬಹುದು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಒತ್ತಿ ಹೇಳಿತು, 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ ಜಾಗದಲ್ಲಿ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲೂ ಇದು ಇದೆ. ಅಲ್ಲಿ ಕೂಗಾಡಬೇಡಿ. ಯಾರದೋ ಹೆಸರು ಹೇಳಿಕೊಂಡು ಬರುವ ಮಧ್ಯವರ್ತಿಯ ಕೈಗೆ ದುಡ್ಡು ಕೊಡಬೇಡಿ. ಕೋರ್ಟಿನ ಹೊರಗಿನ ಅರಳೀಕಟ್ಟೆಯ ಮೇಲೆ ಅಂಥವರನ್ನು ನಾನು ಮೂವತ್ತೊಂದು ವರ್ಷ ನೋಡಿದ್ದೇನೆ, ಅವರಿಂದ ಒಂದು ಗ್ರಾಂ ಕಡಿಮೆಯಾದದ್ದನ್ನು ನೋಡಿಲ್ಲ. ಖಾಲಿ ಕಾಗದಕ್ಕೆ ಹುಡುಗ ಸಹಿ ಹಾಕದಂತೆ ನೋಡಿಕೊಳ್ಳಿ. ಠಾಣೆಯಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಎನ್‌ಡಿಪಿಎಸ್ ಅಧಿಕಾರಿಗಳು 67ನೇ ಕಲಮಿನ ಕೆಳಗೆ ಪಡೆಯುವ ತಪ್ಪೊಪ್ಪಿಗೆ ಹೇಳಿಕೆಗೂ ಅದೇ ಮಾತು ಎಂದು ಸುಪ್ರೀಂ ಕೋರ್ಟಿನ 2020ರ ತೂಫಾನ್ ಸಿಂಗ್ ತೀರ್ಪು ಹೇಳಿದೆ.

ವಕೀಲರಿಗೆ ದುಡ್ಡಿಲ್ಲದಿದ್ದರೆ ನಾಚಿಕೆ ಬೇಡ. ಕಸ್ಟಡಿಯಲ್ಲಿರುವ ಯಾರಿಗಾದರೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ಮರುದಿನ ಕೈಗೆ ಬರುವ ಎರಡು ಕಾಗದಗಳನ್ನು ಅಕ್ಷರ ಬಿಡದೆ ಓದಬೇಕು: ಎಫ್‌ಐಆರ್ ಮತ್ತು ಜಪ್ತಿ ಮಹಜರು. ನಮ್ಮ ಹುಡುಗನ ಮಹಜರನ್ನು ನಾನು ಮೂರು ಸಲ ಓದಿದೆ. ಪೊಟ್ಟಣ ಸಿಕ್ಕಿದ್ದು ಯಾರ ಬಳಿ? ಜೇಬಿನಲ್ಲೋ, ಬ್ಯಾಗಿನಲ್ಲೋ, ಸ್ಕೂಟರಿನ ಡಿಕ್ಕಿಯಲ್ಲೋ? ಮೈ ತಪಾಸಣೆ ಮಾಡುವುದಾದರೆ ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಮಾಡಿಸಿಕೊಳ್ಳುವ ಹಕ್ಕು ಇದೆಯೆಂದು ಮೊದಲೇ ತಿಳಿಸಬೇಕು. ಅದು 50ನೇ ಕಲಂ. ಬ್ಯಾಗು, ಡಿಕ್ಕಿಗಳಿಗೆ ಆ ರಕ್ಷಣೆ ಇಲ್ಲ. ತೂಗಿದ್ದು ಏನನ್ನು ಎಂಬುದೂ ಮುಖ್ಯ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ. ತುದಿಯ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಕಡ್ಡಿ, ಎಲೆ, ಬೇರು ಎಲ್ಲ ಸೇರಿಸಿ ತೂಗಿದ್ದರೆ ಮೆಟ್ಟಿಲು ಬದಲಾಗುವಂಥ ಕೇಸುಗಳಲ್ಲಿ ವಕೀಲರು ಇದನ್ನೇ ಹಿಡಿಯುತ್ತಾರೆ. 48 ಗ್ರಾಂ ಕೇಸಿನಲ್ಲಿ ಅದರಿಂದ ದೊಡ್ಡ ಲಾಭವಿಲ್ಲ.

ಎಫ್‌ಐಆರಿನಲ್ಲಿ ಕಲಂಗಳನ್ನು ನೋಡಿ. ಹುಡುಗರ ಕೇಸಿನಲ್ಲಿ ಕಾಣುವವು ಎರಡು. 20(ಬಿ) ಎಂದರೆ ಬಳಿ ಇಟ್ಟುಕೊಂಡದ್ದು. 27 ಎಂದರೆ ಸೇವಿಸಿದ್ದು. ಆಸ್ಪತ್ರೆಗೆ ಕರೆದೊಯ್ದು ಮೂತ್ರ ಪರೀಕ್ಷೆ ಮಾಡಿಸಿ ಹಾಕುವ ಕೇಸು. ಗಾಂಜಾ ಸೇವನೆಗೆ 6 ತಿಂಗಳವರೆಗೆ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆರಾಯಿನ್, ಕೊಕೇನ್ ಸೇವನೆಯಾದರೆ 1 ವರ್ಷ, 20,000. ಇವೆರಡರ ಜೊತೆ 29 ಎಂಬ ಅಂಕಿ ಇದ್ದರೆ ಒಳಸಂಚು ಎಂದು ಅರ್ಥ. ನಾಲ್ಕು ಗೆಳೆಯರು ದುಡ್ಡು ಸೇರಿಸಿ ಒಬ್ಬನ ಮೊಬೈಲಿಗೆ ಹಾಕಿದ್ದು ಅಲ್ಲಿ ಒಳಸಂಚಿನ ಸಾಕ್ಷ್ಯವಾಗಿ ಬಂದು ಕೂರಬಹುದು. 27(ಎ) ಎಂಬುದು 27ರ ಭಾಗ, 27ಎ ಎಂಬುದು ಬೇರೆಯೇ ಕಲಂ. ಮಾದಕ ವಸ್ತು ಸಾಗಣೆಗೆ ಹಣ ಹೂಡುವುದರ ಬಗ್ಗೆ ಇರುವ ಅದಕ್ಕೆ ಕನಿಷ್ಠ ಶಿಕ್ಷೆಯೇ 10 ವರ್ಷ. ಆವರಣ ಚಿಹ್ನೆ ಇದೆಯೋ ಇಲ್ಲವೋ ಎಂದು ಕನ್ನಡಕ ಹಾಕಿಕೊಂಡು ನೋಡಿ. ಟೈಪಿಸ್ಟ್ ಒಂದು ಗೆರೆ ಬಿಟ್ಟರೆ ಜಾಮೀನು ಅರ್ಜಿಯ ದಿನ ಗೊಂದಲ.

ಸ್ಕೂಟರು ತಮ್ಮನ ಹೆಸರಿನಲ್ಲಿತ್ತು. ಅದೂ ಜಪ್ತಿಯಾಯಿತು. ಮಾಲೀಕನಿಗೆ ತಿಳಿಯದೆ, ಅವನು ಎಚ್ಚರಿಕೆ ವಹಿಸಿಯೂ ನಡೆದದ್ದು ಎಂದು ತೋರಿಸದಿದ್ದರೆ ವಾಹನ ಸರ್ಕಾರಕ್ಕೆ ಮುಟ್ಟುಗೋಲಾಗಬಹುದು. ಬಿಡಿಸಿಕೊಳ್ಳಲು ಬೇರೆ ಅರ್ಜಿ, ಬೇರೆ ಮುಚ್ಚಳಿಕೆ.

ಜಾಮೀನು. ವಾಣಿಜ್ಯ ಪ್ರಮಾಣ ಮತ್ತು 27ಎಯಂಥ ಕಲಂಗಳಿಗೆ 37ನೇ ಕಲಮಿನ ಅಡ್ಡಗೋಡೆ ಇದೆ: ಆರೋಪಿ ತಪ್ಪಿತಸ್ಥನಲ್ಲ, ಹೊರಬಂದರೆ ಮತ್ತೆ ತಪ್ಪು ಮಾಡುವುದಿಲ್ಲ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ಅಲ್ಪ ಪ್ರಮಾಣಕ್ಕೆ ಆ ಗೋಡೆ ಇಲ್ಲ. ಅದು ಜಾಮೀನು ನೀಡಲೇಬೇಕಾದ ಅಪರಾಧವೇ ಅಲ್ಲವೇ ಎಂಬುದರಲ್ಲಿ ಹೈಕೋರ್ಟುಗಳ ಮಾತು ಒಂದೇ ಆಗಿಲ್ಲ. 2020ರಲ್ಲಿ ಬಾಂಬೆ ಹೈಕೋರ್ಟು ಈ ಕಾಯ್ದೆಯ ಎಲ್ಲ ಅಪರಾಧಗಳೂ ಜಾಮೀನುರಹಿತ ಎಂದಿತು. ಆದ್ದರಿಂದ ಠಾಣೆಯಲ್ಲೇ ಬಿಡುತ್ತಾರೆಂದು ನಂಬಿ ಕೂರಬೇಡಿ, ಅರ್ಜಿ ಸಿದ್ಧವಿರಲಿ. ನಮ್ಮ ಹುಡುಗನಿಗೆ ಕೋರ್ಟಿಗೆ ಹಾಜರುಪಡಿಸಿದ ದಿನವೇ ಮಧ್ಯಾಹ್ನ ಜಾಮೀನು ಆಯಿತು. ಆದರೆ ಅವನು ಹೊರಬಂದದ್ದು ಮರುದಿನ ಸಂಜೆ. ಕಾರಣ ಕೇಳಿದರೆ ನಗುತ್ತೀರಿ: ತಮ್ಮ ತಾನೇ ಜಾಮೀನುದಾರನಾಗುತ್ತೇನೆಂದು ಮೂರು ಎಕರೆ ಕಾಫಿ ತೋಟದ ಪಹಣಿ ತಂದ, ಪಹಣಿ ಇನ್ನೂ ನಮ್ಮ ಅಪ್ಪನ ಹೆಸರಿನಲ್ಲೇ ಇತ್ತು. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು, ಪೌತಿ ಖಾತೆ ಮಾಡಿಸಿರಲಿಲ್ಲ. ಕೊನೆಗೆ ಪಕ್ಕದ ತೋಟದವರು, ಕಣ್ಣಿಗೆ ಕಣ್ಣು ಕೂಡಿಸದೆ, ತಮ್ಮ ಪಹಣಿ ಹಿಡಿದು ಬಂದು ಸಹಿ ಹಾಕಿದರು. ಜಾಮೀನುದಾರರು ಸ್ವಂತ ಹೆಸರಿನ ಚಾಲ್ತಿ ಪಹಣಿ ಅಥವಾ ಮನೆಯ ಖಾತೆ, ಆಧಾರ್, ಎರಡು ಫೋಟೊ ಹಿಡಿದು ಹನ್ನೊಂದು ಗಂಟೆಗೇ ಕೋರ್ಟಿನಲ್ಲಿರಲಿ.

ಈಗ ಯಾವುದಕ್ಕಾಗಿ ಇದನ್ನೆಲ್ಲ ಬರೆಯಲು ಕೂತೆನೋ ಅಲ್ಲಿಗೆ ಬಂದೆ.

ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂದು, ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ, ಕೇಸಿಗೆ ಸಿ.ಸಿ. ನಂಬರ್, ಅಂದರೆ ಕೋರ್ಟಿನ ಕೇಸು ಸಂಖ್ಯೆ, ಬೀಳುತ್ತದೆ. ಹುಡುಗ ಹಾಜರಾದ ದಿನ ನ್ಯಾಯಾಧೀಶರು ಆರೋಪ ಓದಿ ಹೇಳಿ, "ತಪ್ಪು ಒಪ್ಪಿಕೊಳ್ಳುತ್ತೀಯಾ?" ಎಂದು ಕೇಳುತ್ತಾರೆ. ಹೊರಗೆ ವರಾಂಡದಲ್ಲಿ ಯಾರಾದರೊಬ್ಬರು ಮೊದಲೇ ಹೇಳಿಕೊಟ್ಟಿರುತ್ತಾರೆ: ಒಪ್ಪಿಕೋ, ಐದಾರು ಸಾವಿರ ದಂಡ ಹಾಕುತ್ತಾರೆ, ಕಟ್ಟಿ ಮನೆಗೆ ಹೋಗು, ಮುಗಿಯಿತು. ಹುಡುಗ ಒಪ್ಪಿಕೊಳ್ಳುತ್ತಾನೆ. ನಾಲ್ಕು ನಿಮಿಷದ ಕೆಲಸ. ಅಂಥ ಎಷ್ಟೋ ದಂಡದ ರಶೀದಿಗಳ ಮೇಲೆ ನನ್ನ ಕೈಬರಹವಿದೆ. ತಾಯಂದಿರು ನನಗೆ ಕೈಮುಗಿದು ಹೋಗಿದ್ದಾರೆ. ನಾಲ್ಕೈದು ವರ್ಷ ಕಳೆದ ಮೇಲೆ ಅವರಲ್ಲೇ ಕೆಲವರು ದೃಢೀಕೃತ ನಕಲಿಗೆ ಅರ್ಜಿ ಹಿಡಿದು ಮತ್ತೆ ನನ್ನ ಮೇಜಿನ ಮುಂದೆ ನಿಂತಿದ್ದಾರೆ. ಕೆಲಸಕ್ಕೆ ಆಯ್ಕೆಯಾಗಿ ಪೊಲೀಸ್ ಪರಿಶೀಲನೆಯಲ್ಲಿ ಸಿಕ್ಕಿಬಿದ್ದವನು, ವಿದೇಶದ ವೀಸಾ ಅರ್ಜಿಯಲ್ಲಿ "ಎಂದಾದರೂ ಶಿಕ್ಷೆಯಾಗಿದೆಯೇ" ಎಂಬ ಸಾಲಿಗೆ ಏನು ಬರೆಯಲಿ ಎಂದು ಕೇಳಿದವನು. "ಮೇಡಂ, ಬರೀ ಫೈನ್ ತಾನೆ?" ಎನ್ನುತ್ತಿದ್ದರು. ಬರೀ ದಂಡವೂ ಶಿಕ್ಷೆಯೇ. ಒಪ್ಪಿಕೊಂಡ ಮೇಲೆ ಅವನು ಶಿಕ್ಷಿತ ಅಪರಾಧಿ. ಮೇಲ್ಮನವಿಗೆ ಹೋದರೂ ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನಿಗೆ ತಕ್ಕದ್ದಲ್ಲ ಎನ್ನಬಹುದೇ ಹೊರತು, ನಾನು ಮಾಡಿಲ್ಲ ಎನ್ನಲು ಜಾಗವಿಲ್ಲ.

ಒಪ್ಪಿಕೊಳ್ಳಲೇಬಾರದು ಎನ್ನುತ್ತಿಲ್ಲ. ಒಪ್ಪಿಕೊಳ್ಳುವ ಮುಂಚೆ ಎರಡು ಬಾಗಿಲು ತಟ್ಟಿ ನೋಡಿ ಎನ್ನುತ್ತಿದ್ದೇನೆ.

ಮೊದಲನೆಯದು ಸೇವನೆಯ ಕೇಸು ಮಾತ್ರ ಇರುವವರಿಗೆ. 1958ರ ಪ್ರೊಬೇಷನ್ ಕಾಯ್ದೆ ಮಾದಕ ವಸ್ತುಗಳ ಅಪರಾಧಿಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ; ಎನ್‌ಡಿಪಿಎಸ್ ಕಾಯ್ದೆಯ 33ನೇ ಕಲಂ ಆ ಬಾಗಿಲು ಮುಚ್ಚಿದೆ. ಆದರೆ 27ನೇ ಕಲಮಿಗೆ ಮತ್ತು 18 ತುಂಬದವರಿಗೆ ತೆರೆದಿಟ್ಟಿದೆ. ಅದರ ಪ್ರಕಾರ ಛೀಮಾರಿ ಹಾಕಿ ಬಿಡಬಹುದು, ಇಲ್ಲವೇ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. 21 ವರ್ಷ ತುಂಬದವನಾದರೆ ಜೈಲಿಗೆ ಕಳುಹಿಸುವ ಮುನ್ನ ಪರಿವೀಕ್ಷಣಾಧಿಕಾರಿಯ ವರದಿ ತರಿಸಬೇಕು, ಕಳುಹಿಸುವುದಾದರೆ ಕಾರಣ ಬರೆಯಬೇಕು. ಹೀಗೆ ಬಿಟ್ಟವನಿಗೆ, ಶಿಕ್ಷೆಯಾದದ್ದರಿಂದ ಬರುವ ಅನರ್ಹತೆ ತಗಲುವುದಿಲ್ಲ ಎಂದು ಪ್ರೊಬೇಷನ್ ಕಾಯ್ದೆಯ 12ನೇ ಕಲಂ ಹೇಳುತ್ತದೆ. 21ರ ಲೆಕ್ಕ ಸಿಕ್ಕಿಬಿದ್ದ ದಿನದ್ದಲ್ಲ, ವಿಚಾರಣಾ ಕೋರ್ಟು ಶಿಕ್ಷೆಯ ಬಗ್ಗೆ ತೀರ್ಮಾನಿಸುವ ದಿನದ್ದು. ಕೇಸು ಎಳೆದಷ್ಟೂ ಒಳ್ಳೆಯದು ಎನ್ನುವವರು ಇಪ್ಪತ್ತರ ಹುಡುಗನ ವಿಷಯದಲ್ಲಿ ಎಡವುವುದು ಇಲ್ಲೇ.

ಎರಡನೆಯ ಬಾಗಿಲು ಚಿಕಿತ್ಸೆಯದು, ಅದಕ್ಕೆ ಎರಡು ರೆಕ್ಕೆ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ವ್ಯಸನಮುಕ್ತಿ ಚಿಕಿತ್ಸೆಗೆ ಮುಂದಾಗಿ, ಅದನ್ನು ಪಡೆದರೆ, ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಶಿಕ್ಷೆಯೇ ಇಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂದಕ್ಕೆ ಪಡೆಯಬಹುದು. 39ನೇ ಕಲಂ ತಪ್ಪಿತಸ್ಥ ಎಂದು ತೀರ್ಮಾನವಾದ ನಂತರದ್ದು: ವಯಸ್ಸು, ನಡತೆ, ಹಿನ್ನೆಲೆ, ದೇಹ ಮನಸ್ಸಿನ ಸ್ಥಿತಿ ನೋಡಿ, ಅವನ ಒಪ್ಪಿಗೆ ಪಡೆದು, ಶಿಕ್ಷೆ ವಿಧಿಸದೆ ಚಿಕಿತ್ಸೆಗೆ ಬಿಡಬಹುದು. 1 ವರ್ಷದೊಳಗೆ ವರದಿ ಕೊಡಬೇಕು. ವರದಿ ಸರಿಯಿದ್ದರೆ ಛೀಮಾರಿ ಹಾಕಿ, 3 ವರ್ಷದವರೆಗೆ ಇಂಥದ್ದಕ್ಕೆ ಕೈಹಾಕುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ. ಹುಡುಗನ ವಯಸ್ಸು, ಹಿಂದಿನ ಸ್ವಚ್ಛ ದಾಖಲೆ, ಆ ಡಿಸ್ಟಿಂಕ್ಷನ್, ಎಲ್ಲಕ್ಕೂ ಬೆಲೆ ಬರುವುದು ಈ ಜಾಗದಲ್ಲಿ. ಇವುಗಳನ್ನು ಕೋರ್ಟು ತಾನಾಗಿ ಹುಡುಕಿ ಕೊಡುವುದಿಲ್ಲ. ಅರ್ಜಿ ಹಾಕಬೇಕು. ನನ್ನ ನೌಕರಿಯಲ್ಲಿ ಬೆರಳೆಣಿಕೆಯಷ್ಟು ಅರ್ಜಿಗಳನ್ನು ನೋಡಿದ್ದೇನೆ. ಕಲಂಗಳಿಗೆ ಧೂಳು ಹಿಡಿದಿದೆ.

ಧೂಳು ಹಿಡಿಯಲು ಕಾರಣ ವ್ಯಸನಿ ಎಂಬ ಪದ. ಎರಡೂ ಕಲಂ ವ್ಯಸನಿಗೆ ಮಾತ್ರ, ಅಂದರೆ ಆ ವಸ್ತುವಿಗೆ ಅವಲಂಬಿತನಾದವನಿಗೆ. ಒಂದೆರಡು ಸಲ ಸೇದಿದವನಿಗಲ್ಲ. ನಮ್ಮ ಮನೆಯಲ್ಲಿ ಈ ಪದದ ಮೇಲೆ ಮೂರು ದಿನ ಜಗಳವಾಯಿತು. "ವ್ಯಸನಿ ಎಂದು ಡಾಕ್ಟರ ಕೈಲಿ ಬರೆಸಿಕೊಂಡರೆ ನಾಳೆ ಅವನಿಗೆ ಹೆಣ್ಣು ಯಾರು ಕೊಡುತ್ತಾರೆ ಅಕ್ಕ? ಫೈನ್ ಕಟ್ಟಿಬಿಡೋಣ" ಎಂದ ತಮ್ಮ. ನಾದಿನಿ ಮಾತಾಡಲಿಲ್ಲ. ನಾನೂ ಸುಳ್ಳು ಸರ್ಟಿಫಿಕೇಟಿಗೆ ಹೋಗುವವಳಲ್ಲ ಎಂದೆ. ವೈದ್ಯರು ನೋಡಲಿ, ಇಲ್ಲವೆಂದರೆ ಇಲ್ಲ. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹುಡುಗನನ್ನು ಕರೆದುಕೊಂಡು ಹೋದವಳು ನಾನೇ. ಒಳಗೆ ಮುಕ್ಕಾಲು ಗಂಟೆ ಕೂತು ಬಂದವನು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, "ಅತ್ತೆ, ದಿನಾ ಬೇಕಾಗುತ್ತದೆ. ಎರಡನೇ ಸೆಮಿಸ್ಟರಿನಿಂದ" ಎಂದ. ಅವನಾಗ ಐದನೇ ಸೆಮಿಸ್ಟರಿನಲ್ಲಿದ್ದ. ಪ್ರತಿ ಭಾನುವಾರ ನಮ್ಮ ಮನೆಗೆ ಬಂದು ಅಕ್ಕಿರೊಟ್ಟಿ ತಿಂದು ಹೋಗುತ್ತಿದ್ದವನು. ನನಗೆ ಗೊತ್ತಾಗಿರಲಿಲ್ಲ. ಮೂವತ್ತೊಂದು ವರ್ಷ ಆರೋಪಿಗಳ ಮುಖ ನೋಡಿದವಳು ನಾನು.

ಎಲ್ಲಿ ಚಿಕಿತ್ಸೆ ಎಂಬುದರಲ್ಲಿ ಎಚ್ಚರವಿರಲಿ. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಆಸ್ಪತ್ರೆ, ಇಲ್ಲವೇ ಅವರು ಮಾನ್ಯ ಮಾಡಿದ ಸಂಸ್ಥೆಯಾದರೆ ಮಾತ್ರ ಕಾಯ್ದೆಯ ಲೆಕ್ಕಕ್ಕೆ ಬರುತ್ತದೆ. ಊರ ಹೊರಗೆ ಗೇಟು ಹಾಕಿ, ಫೋನ್ ಕಸಿದುಕೊಂಡು, ಮೂರು ತಿಂಗಳ ದುಡ್ಡು ಮುಂಗಡ ಕೇಳುವ ಜಾಗಗಳ ಬೋರ್ಡಿನ ಮೇಲೂ ವ್ಯಸನಮುಕ್ತಿ ಕೇಂದ್ರ ಎಂದೇ ಬರೆದಿರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕೆಳಗಿನ ನೋಂದಣಿ ತೋರಿಸಿ ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಪ್ರತಿ ಭೇಟಿಯ ಚೀಟಿ, ಮೂತ್ರ ಪರೀಕ್ಷೆಯ ಫಲಿತಾಂಶ, ದಾಖಲಾದ ಮತ್ತು ಬಿಡುಗಡೆಯಾದ ದಿನಾಂಕದ ಪತ್ರ ಎಲ್ಲವನ್ನೂ ಒಂದು ಫೈಲಿಗೆ ಪೋಣಿಸಿಡಿ. ಮೊಬೈಲಿನಲ್ಲಿ ಫೋಟೊ ಇದೆ ಎಂದರೆ ಕೋರ್ಟಿಗೆ ಸಾಲದು.

ವ್ಯಸನಿಯೂ ಅಲ್ಲ, ಸೇವನೆಯ ಜೊತೆ ಬಳಿ ಇಟ್ಟುಕೊಂಡ ಕೇಸೂ ಇದೆ ಎನ್ನುವ ಹುಡುಗನ ಸ್ಥಿತಿಯೇ ಇಕ್ಕಟ್ಟಿನದು. ಅವನಿಗೆ ಪ್ರೊಬೇಷನ್ನೂ ಇಲ್ಲ, ಚಿಕಿತ್ಸೆಯ ರಿಯಾಯಿತಿಯೂ ಇಲ್ಲ. ಉಳಿಯುವುದು ವಿಚಾರಣೆ ಎದುರಿಸುವುದು, ಕೇಸಿನಲ್ಲೇ ಹುರುಳಿಲ್ಲದಿದ್ದರೆ ರದ್ದತಿಗೆ ಹೈಕೋರ್ಟಿಗೆ ಹೋಗುವುದು, ಇಲ್ಲವೇ ಒಪ್ಪಿಕೊಂಡು ದಂಡವಷ್ಟೇ ಸಾಕು ಎಂದು ಕೇಳಿಕೊಳ್ಳುವುದು. ಕಸ್ಟಡಿಯಲ್ಲಿ ಕಳೆದ ದಿನಗಳು ಸಜೆಯಲ್ಲಿ ವಜಾ ಆಗುತ್ತವೆ. ತಮ್ಮನ ಮಗನ ಜೊತೆಗಿದ್ದವನು ಇಂಥವನೇ. ಅವನ ಮನೆಯವರು ಎರಡನೇ ವಾಯ್ದೆಗೇ ಒಪ್ಪಿಸಿ, ಎರಡೂ ಕಲಂ ಸೇರಿ 8,000 ರೂಪಾಯಿ ಕಟ್ಟಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಹಾಸನದಿಂದ ಪ್ರತಿ ವಾಯ್ದೆಗೆ ಕೂಲಿ ಬಿಟ್ಟು ಬರಬೇಕಾಗಿದ್ದ ತಂದೆ ಅದು.

ಹುಡುಗ ತಪ್ಪು ನಡೆದ ದಿನ 18 ತುಂಬದವನಾಗಿದ್ದರೆ ಮೇಲಿನದೆಲ್ಲ ಬದಿಗಿಡಿ. ಅವನು ಹೋಗಬೇಕಾದದ್ದು ಬಾಲ ನ್ಯಾಯ ಮಂಡಳಿಯ ಮುಂದೆ. ಠಾಣೆಯಲ್ಲಿ ವಯಸ್ಸು ಹತ್ತೊಂಬತ್ತು ಎಂದು ಬರೆದುಕೊಂಡಿದ್ದರೆ ಅಂದೇ ತಕರಾರು ಮಾಡಿ, ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಾಜರುಪಡಿಸಿ; ಕಾನೂನು ಮೊದಲು ನೋಡುವುದು ಅದನ್ನೇ. ಬುದ್ಧಿವಾದ, ಆಪ್ತಸಮಾಲೋಚನೆ, ಸಮುದಾಯ ಸೇವೆ, ಮೇಲ್ವಿಚಾರಣೆ, ಹೆಚ್ಚೆಂದರೆ 3 ವರ್ಷದವರೆಗೆ ವಿಶೇಷ ಗೃಹ, ಹೀಗಿರುತ್ತವೆ ಅಲ್ಲಿನ ಆದೇಶಗಳು. ಅವನ ಹೆಸರು, ಫೋಟೊ, ಶಾಲೆ ಯಾವುದನ್ನೂ ಪ್ರಕಟಿಸುವಂತಿಲ್ಲ, ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲೂ. ವಾಣಿಜ್ಯ ಪ್ರಮಾಣವಾಗಿ, ವಯಸ್ಸು ಹದಿನಾರು ದಾಟಿದ್ದರೆ ಮಾತ್ರ ವಯಸ್ಕನಂತೆ ವಿಚಾರಣೆಗೆ ಒಳಪಡಿಸಬೇಕೇ ಎಂಬ ಪರಿಶೀಲನೆ ನಡೆಯುತ್ತದೆ.

ಪಾಸ್‌ಪೋರ್ಟಿನ ವಿಷಯ ತುಂಬ ಜನ ಕೇಳುತ್ತಾರೆ. ಕೇಸು ನಡೆಯುತ್ತಿರುವಾಗ ಕೊಡದಿರಬಹುದು. ಕೋರ್ಟಿನ ಅನುಮತಿ ಪಡೆದು ಹೋಗಬೇಕು. ಅರ್ಜಿಯಲ್ಲಿ ಕೇಸು ಮುಚ್ಚಿಟ್ಟರೆ ಅದೊಂದು ಹೊಸ ಕೇಸು.

ನಮ್ಮ ಹುಡುಗನ 64ಎ ಅರ್ಜಿಗೆ ಸರ್ಕಾರಿ ವಕೀಲರು ತಕರಾರು ಹಾಕಿದರು, ವೈದ್ಯರ ಪತ್ರ ಕೇಸು ಬಿದ್ದ ನಂತರದ್ದು ಎಂದು. ನಂತರವಲ್ಲದೆ ಮುಂಚೆ ಯಾರು ತರುತ್ತಾರೆ ಎಂದು ನನಗೆ ಅನ್ನಿಸಿತು, ಆದರೆ ಹಿಂದಿನ ಬೆಂಚಿನಲ್ಲಿ ಕೂತವಳು ಮಾತಾಡುವಂತಿಲ್ಲ. ಅರ್ಜಿ ಮಂಜೂರಾಯಿತು. ಮೂರು ವಾರ ಒಳರೋಗಿಯಾಗಿದ್ದ. ಆಮೇಲೆ ಹದಿನೈದು ದಿನಕ್ಕೊಮ್ಮೆ ಹೋಗಿ ಬರುತ್ತಿದ್ದಾನೆ. ನಡುವೆ ಒಮ್ಮೆ, ದೀಪಾವಳಿಯ ವಾರದಲ್ಲಿ, ಮತ್ತೆ ಸೇದಿ ಬಂದ. ಮೂತ್ರ ಪರೀಕ್ಷೆಯಲ್ಲಿ ತೋರಿತು. ತಮ್ಮ ಎಲ್ಲ ಮುಗಿಯಿತೆಂದು ತಲೆಯ ಮೇಲೆ ಕೈಹೊತ್ತು ಕೂತ. ವೈದ್ಯರು ಅದನ್ನು ಮುಚ್ಚಿಡದೆ ವರದಿಯಲ್ಲಿ ಬರೆದರು, ಚಿಕಿತ್ಸೆ ಮುಂದುವರಿದಿದೆ ಎಂದೂ ಬರೆದರು. ನ್ಯಾಯಾಧೀಶರು ಓದಿ, ಕನ್ನಡಕದ ಮೇಲಿಂದ ಹುಡುಗನನ್ನು ನೋಡಿ, ಮುಂದಿನ ವಾಯ್ದೆ ಕೊಟ್ಟರು.

ವಾಯ್ದೆಗಳಿಗೆ ತಪ್ಪದೆ ಹೋಗುವುದನ್ನು ಸಣ್ಣ ವಿಷಯವೆಂದು ತಿಳಿಯಬೇಡಿ. 48 ಗ್ರಾಮಿನಿಂದ ಜೈಲು ನೋಡದವರು ವಾಯ್ದೆ ತಪ್ಪಿಸಿ ವಾರಂಟಿನಲ್ಲಿ ಜೈಲು ನೋಡಿದ್ದಾರೆ. ದಿನಾಂಕವನ್ನು ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಕೋರ್ಟಿನ ಆ್ಯಪಿನಲ್ಲಿ ಸಿ.ಸಿ. ನಂಬರ್ ಹಾಕಿ ನೋಡಿ. ಪರೀಕ್ಷೆ ಇದ್ದರೆ ಹಿಂದಿನ ದಿನವೇ ಹಾಲ್ ಟಿಕೆಟ್ ವಕೀಲರ ಕೈಗೆ ಕೊಟ್ಟು ವಿನಾಯಿತಿ ಅರ್ಜಿ ಹಾಕಿಸಿ. ಹತ್ತೂವರೆಗೆ ಕೋರ್ಟಿನಲ್ಲಿರಬೇಕು, ಮಳೆಗಾಲದಲ್ಲಿ ಆಲ್ದೂರಿನ ಕಡೆಯಿಂದ ಬರುವವರು ಮರ ಬಿದ್ದು ಬಸ್ಸು ತಡವಾಯಿತು ಎಂದರೆ ಒಮ್ಮೆ ಕೇಳುತ್ತಾರೆ, ಎರಡನೇ ಸಲ ಕೇಳುವುದಿಲ್ಲ. ಮೊಬೈಲ್ ಸದ್ದು ಬಂದ್ ಮಾಡಿರಲಿ. ಕೂದಲು ಕತ್ತರಿಸಿಕೊಂಡು, ತೋಳಿನ ಅಂಗಿ ಹಾಕಿಕೊಂಡು ಬರಲಿ. ಇದನ್ನು ನ್ಯಾಯಾಧೀಶರು ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ. ನಮ್ಮವನ ಮುಂದಿನ ವಾಯ್ದೆ ಬರುವ ತಿಂಗಳ ಎರಡನೇ ಮಂಗಳವಾರ. ಹಿಂದಿನ ರಾತ್ರಿ ನಮ್ಮ ಮನೆಯಲ್ಲೇ ಮಲಗುತ್ತಾನೆ.